ತುರಾಯಿ ಕಟ್ಟುವ ಕೈ

ನನ್ನ ಎಡಗಾಲಿನ ಮೇಲೆ ನನಗೆ ವಿಪರೀತ ಜಂಬವಿತ್ತು. ಬಲಗಾಲು ಎಲ್ಲರ ಕಾಲಿನ ಹಾಗೆ. ಎಡಗಾಲು ಮಾತ್ರ ಗುಮಟೆವಾದ್ಯದ ತೊಗಲಿನ ಮೇಲೆ ಪೆಟ್ಟು ಬೀಳುವ ಮೊದಲೇ ನೆಲ ಬಿಟ್ಟು, ಪೆಟ್ಟು ಬಿದ್ದ ಕ್ಷಣಕ್ಕೆ ಸರಿಯಾಗಿ ನೆಲಕ್ಕೆ ಬರುತ್ತಿತ್ತು. ನಮ್ಮೂರು ಕೇಣಿಯಲ್ಲಿ ಹೋಳಿ ಹುಣ್ಣಿಮೆಯ ಮುಂಚೆ ಸುಗ್ಗಿ ಕುಣಿತಕ್ಕೆ ತಂಡ ಕಟ್ಟುವಾಗ, ಮೊದಲು ಆ ಕಾಲು ಬಂತೋ ಇಲ್ಲವೋ ಎಂದು ಕೇಳುತ್ತಿದ್ದರು, ಆಮೇಲೆ ನನ್ನನ್ನು. ಆ ಕಾಲಿಗೆ ಏನಾಯಿತೆಂದು ಈಗ ಬರೆಯುತ್ತಿದ್ದೇನೆ. ಕಾರವಾರದ ದವಾಖಾನೆಯ ಹಿಂಬದಿಯ ಜಗಲಿಯಲ್ಲಿ ಮೊದಲ ದಿನ ಕುಳಿತಾಗ, ಇದೇ ರೋಗ ಬಂದು, ಇನ್ನೂ ತನ್ನ ಮನೆಯಲ್ಲೇ ಊಟ ಮಾಡುವವನೊಬ್ಬ ಇದ್ದಾನೆ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ನನ್ನ ಅರ್ಧ ಹೆದರಿಕೆ ಇಳಿಯುತ್ತಿತ್ತು. ಯಾರೂ ಹೇಳಲಿಲ್ಲ. ಅದಕ್ಕೆ ನಾನು ಹೇಳುತ್ತೇನೆ.

ನಾನು ಅಗಸೂರಿನ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಒಕ್ಕಲುತನದ ಮನೆಯಿಂದ ಓದಿ ಮಾಸ್ತರಿಕೆಗೆ ಹೋದವನು ನಾನೊಬ್ಬನೇ. ಒಂಬತ್ತನೆಯ ವಯಸ್ಸಿಗೆ ಅಪ್ಪ ನನ್ನನ್ನು ಸುಗ್ಗಿಯ ಸಾಲಿನ ಬಾಲಕ್ಕೆ ನಿಲ್ಲಿಸಿದ್ದ. ಮಾಸ್ತರನಾದ ಮೇಲೂ ಬಿಡಲಾಗಲಿಲ್ಲ. ತಲೆಗೆ ಬೆಂಡಿನ ಹೂವಿನ ತುರಾಯಿ ಕಟ್ಟಿ, ನವಿಲುಗರಿಯ ಕುಂಚ ಹಿಡಿದು ಮನೆಮನೆಯ ಅಂಗಳದಲ್ಲಿ ಕುಣಿಯುವ ಮಾಸ್ತರನನ್ನು ಇನ್‌ಸ್ಪೆಕ್ಟರ್ ಸಾಹೇಬರು ಕಂಡರೆ ಏನೆಂದಾರು? ಹಾಗಾಗಿ ಪ್ರತಿ ವರ್ಷ ಹೋಳಿಯ ಹೊತ್ತಿಗೆ 'ತೀವ್ರ ಜ್ವರ' ಎಂದು ರಜೆ ಬರೆದುಕೊಡುತ್ತಿದ್ದೆ. ಮೂವತ್ತು ವರ್ಷ ಅದೇ ಜ್ವರ, ಅದೇ ವಾರ. ಕೊನೆಗೊಂದು ದಿನ ನಿಜವಾದ ರೋಗ ಬಂದಾಗ, ಇಷ್ಟು ವರ್ಷ ಸುಳ್ಳು ಬರೆದದ್ದಕ್ಕೆ ಇದು ಬಂತು ಎಂದೇ ನಾನು ನಂಬಿದ್ದೆ.

ನಿವೃತ್ತನಾಗಿ ಕೇಣಿಯ ಮನೆಗೆ ಬಂದ ವರ್ಷದ ಹೋಳಿ. ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆ ಎಂದು ಜೇಲಿಗೆ ಹೋದ ಅಂಕೋಲೆಯವರು ಒಬ್ಬೊಬ್ಬರಾಗಿ ಮರಳುತ್ತಿದ್ದ ಕಾಲ ಅದು. ಕಾಮನನ್ನು ಸುಟ್ಟ ಮರುದಿನ ಬೆಳಿಗ್ಗೆ ಬೂದಿಯ ಗುಡ್ಡೆಯ ಸುತ್ತ ಮೂರು ಸುತ್ತು ಕುಣಿದು ತುರಾಯಿ ಬಿಚ್ಚುವುದು ನಮ್ಮ ಪದ್ಧತಿ. ಬರಿಗಾಲಲ್ಲೇ ಕುಣಿಯಬೇಕು. ಮೂರನೆಯ ಸುತ್ತಿನಲ್ಲಿ ಹೊನ್ನ ಗೌಡ ಗುಮಟೆ ನಿಲ್ಲಿಸಿದ. ಅವನು ನಮ್ಮ ತಂಡದ ಯಜಮಾನ, ನನ್ನ ವಾರಿಗೆಯವನು, ಒಂಬತ್ತರ ವಯಸ್ಸಿನಿಂದ ನನ್ನ ಜೊತೆಗಿದ್ದವನು. ಎಲ್ಲರ ತಲೆಗೂ ತುರಾಯಿ ಕಟ್ಟುವ ಕೈ ಅವನದೇ. ತುರಾಯಿಯನ್ನು ಯಾರೂ ತಾವೇ ಕಟ್ಟಿಕೊಳ್ಳುವಂತಿಲ್ಲ.

"ಮಾಸ್ತರಾ, ಸುಟ್ಟ ವಾಸ್ನೆ ಬತ್ತದೆ. ನಿನ್ನ ಕಾಲ ನೋಡು."

ನೋಡಿದೆ. ಎಡಗಾಲಿನ ಅಡಿಗೆ ಕೆಂಡವೊಂದು ಅಂಟಿಕೊಂಡು ಹೊಗೆಯಾಡುತ್ತಿತ್ತು.

"ನೋಯ್ತದ್ಯಾ?"

"ಇಲ್ಲ."

"ಎಂತದೂ ಇಲ್ವಾ?"

"ಎಂತದೂ ಇಲ್ಲ ಮಾರಾಯಾ."

ಹೊನ್ನ ಗೌಡ ಎರಡು ಕೈ ಮುಗಿದ. "ದೇವ್ರು ಕಾಲಲ್ಲೇ ನಿಂತಾನೆ. ಇಷ್ಟು ವರ್ಷ ಕುಣದದ್ದಕ್ಕೆ ಕೊಟ್ಟದ್ದು ಇದು."

ಮೊದಲು ಅವನು, ಆಮೇಲೆ ತಂಡದವರು ಒಬ್ಬೊಬ್ಬರಾಗಿ ಬಂದು ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ. ಮುಂದಕ್ಕೆ ಚಾಚಿದೆ. ಇವತ್ತಿಗೂ ಆ ನೆನಪಾದರೆ ಮುಖ ಬಿಸಿಯಾಗುತ್ತದೆ. ಮುಂದಿನ ನಾಲ್ಕು ತಿಂಗಳು ಬಂದವರಿಗೆಲ್ಲ ಆ ಗಾಯ ತೋರಿಸಿದೆ. ಅಕ್ಷರ ಬಲ್ಲವನು, ಮಕ್ಕಳಿಗೆ ಆರೋಗ್ಯಶಾಸ್ತ್ರದ ಪಾಠ ಹೇಳಿದವನು, ಕೆಂಡದ ಉರಿ ಯಾಕೆ ತಿಳಿಯಲಿಲ್ಲ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಮಳೆಗಾಲ ಹಿಡಿಯಿತು. ಗಾಯ ಮಾಯಲಿಲ್ಲ. ನೋವಿಲ್ಲದ ಗಾಯವಾದ್ದರಿಂದ ನನಗೆ ಅದರ ಗೊಡವೆಯೂ ಇರಲಿಲ್ಲ. ನನ್ನ ಹೆಂಡತಿ ನಾಗಿ ಮಾತ್ರ ದಿನಾ ಬಿಸಿನೀರಿನಲ್ಲಿ ತೊಳೆದು ಸೊಪ್ಪಿನ ರಸ ಹಿಂಡುತ್ತಿದ್ದಳು. ಒಂದು ಮಧ್ಯಾಹ್ನ ಹಿತ್ತಿಲ ಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಮುಳ್ಳು ತೆಗೆಯುವ ಸೂಜಿ ಹಿಡಿದು ಬಂದಳು.

"ಕಣ್ ಮುಚ್ಕಣಿ. ನಾ ಎಲ್ಲಿ ಚುಚ್ತೆ ಹೇಳಿ."

"ಇದೆಂತಾ ಹುಡುಗಾಟ್ಕೆ?"

"ಮುಚ್ಕಣಿ ಅಂದೆ."

ಮುಚ್ಚಿದೆ. ಕೆರೆಯ ಕಡೆ ಕಪ್ಪೆ ಕೂಗುತ್ತಿತ್ತು. ಒಲೆಯ ಮೇಲಿನ ಗಂಜಿಯ ಪರಿಮಳ ಬರುತ್ತಿತ್ತು. ನಾನು ಕಾದೆ. ಇನ್ನೂ ಕಾದೆ. ಬೇಸರ ಬಂದು ಕೇಳಿದೆ.

"ಶುರು ಮಾಡೂದಿಲ್ವಾ?"

"ಮುಗೀತು," ಎಂದಳು.

ಕಣ್ಣು ಬಿಟ್ಟರೆ ಪಾದದ ಮೇಲೆ ಏಳೆಂಟು ರಕ್ತದ ಚುಕ್ಕೆಗಳಿದ್ದವು. ನಾಗಿ ಸೂಜಿಯನ್ನು ಸೆರಗಿಗೆ ಒರೆಸುತ್ತ ಬೇರೆ ಕಡೆ ನೋಡುತ್ತಿದ್ದಳು. "ನಮ್ಮ ಸೋದರಮಾವಂದೂ ಹಿಂಗೇ ಶುರುವಾದದ್ದು," ಎಂದಳು. ಅಷ್ಟೇ. ಅವಳ ಸೋದರಮಾವನ ಕಥೆ ನನಗೆ ಗೊತ್ತಿತ್ತು. ದೊಡ್ಡ ರೋಗವೆಂದು, ಅಂದರೆ ಕುಷ್ಠವೆಂದು, ಊರವರು ಅವನನ್ನು ಹೊಳೆಯಾಚೆಯ ಗುಡಿಸಲಿಗೆ ಕಳಿಸಿದ್ದರು. ಅನ್ನವನ್ನು ಒಂದು ಕಲ್ಲಿನ ಮೇಲಿಟ್ಟು, ದೂರದಿಂದ ಕೂ ಹಾಕಿ ಬರುತ್ತಿದ್ದರು. ಒಂದು ದಿನ ಕಲ್ಲಿನ ಮೇಲಿನ ಅನ್ನ ಹಾಗೆಯೇ ಉಳಿದದ್ದರಿಂದ ಅವನು ಹೋದನೆಂದು ತಿಳಿಯಿತಂತೆ. ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತು ಗಡಗಡ ನಡುಗಿದೆ. ಐವತ್ತೇಳು ವರ್ಷದ ಗಂಡಸು. ನಾಚಿಕೆಯೇನಿಲ್ಲ, ಹೆದರಿದ್ದೆ.

ಕಾರವಾರಕ್ಕೆ ನಾಗಿಯೂ ನಾನೂ ಸರ್ವಿಸ್ ಮೋಟಾರಿನಲ್ಲಿ ಹೋದೆವು. ಬಿಣಗಾದ ಘಟ್ಟ ಹತ್ತುವಾಗ ಪಕ್ಕದವನ ಮೊಣಕೈ ತಾಗಿದರೂ ಕುಗ್ಗಿ ಕೂರುತ್ತಿದ್ದೆ. ಅವನಿಗೆ ತಿಳಿದುಬಿಟ್ಟರೆ ಎಂಬ ಭಯ. ದವಾಖಾನೆಯಲ್ಲಿ ಎಲ್ಲ ರೋಗಿಗಳೂ ಮುಂದಿನ ಬಾಗಿಲಲ್ಲಿ ನಿಂತಿದ್ದರು. ನನ್ನ ಕಾಲು ನೋಡಿದ ಜವಾನ ಬಾಯಿ ಬಿಡದೆ ಹಿಂದಿನ ಜಗಲಿಯತ್ತ ಕೈ ತೋರಿಸಿದ. ಅಲ್ಲಿ ಒಂದು ಉದ್ದ ಬೆಂಚು, ಹತ್ತು ಹನ್ನೆರಡು ಜನ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬ ಕೈಯನ್ನು ಅಂಗಿಯೊಳಗಿಟ್ಟಿದ್ದ, ಇನ್ನೊಬ್ಬ ಮಳೆಯಿಲ್ಲದಿದ್ದರೂ ಕಂಬಳಿ ಹೊದ್ದಿದ್ದ. ನಾನು ಕಂಬಕ್ಕೆ ಆತು ನಿಂತೆ. ಆ ಬೆಂಚಿನ ಮೇಲೆ ಕುಳಿತರೆ ನಾನೂ ಅವರಲ್ಲೊಬ್ಬ ಎಂದು ಒಪ್ಪಿಕೊಂಡ ಹಾಗೆ ಎಂದು ಆಗ ಅನಿಸಿತ್ತು.

ಬೆಂಚಿನ ತುದಿಯಲ್ಲಿ ದೇವಬಾಗದ ಮೀನು ಮಾರುವ ಹೆಂಗಸೊಬ್ಬಳಿದ್ದಳು. ಸಾವಿತ್ರಿ ಎಂದು ಹೆಸರು. ಮನೆಯಲ್ಲಿ ಕೊಂಕಣಿ ಆಡುವವಳು, ನಮ್ಮ ಹತ್ತಿರ ಕನ್ನಡ. ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು.

"ಮಾಸ್ತರು ಅಲ್ವಾ ನೀವು? ನಿಂತದ್ದು ನೋಡಿದ್ರೇ ಗೊತ್ತಾಗ್ತದೆ. ಕೂತ್ಕಣಿ ಬನ್ನಿ. ಈ ಬೆಂಚಿಂದ ನಮಗೆ ಹೊಸ್ತಾಗಿ ಆಗೂದು ಎಂತ ಉಳದದೆ?"

ಅವಳು ಸರಿದು ಜಾಗ ಕೊಟ್ಟಳು. ಕುಳಿತೆ. ಅವಳು ಬಿಟ್ಟುಕೊಟ್ಟ ಆ ಗೇಣು ಜಾಗವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಡಾಕ್ಟರು ನಲವತ್ತರ ಆಸುಪಾಸಿನವರು, ಮೆಲುದನಿಯವರು. ಅವರೂ ಕಣ್ಣು ಮುಚ್ಚಲು ಹೇಳಿದರು. ಮೊದಲು ಕೋಳಿಗರಿಯಿಂದ, ಆಮೇಲೆ ಸೂಜಿಯಿಂದ ಮುಟ್ಟುತ್ತೇನೆ, ತಿಳಿದಾಗೆಲ್ಲ 'ಹೂಂ' ಅನ್ನಿ ಎಂದರು. ಜನ್ಮವೆಲ್ಲ ಬೇರೆಯವರ ಪರೀಕ್ಷೆ ಮಾಡಿದವನು ನಾನು. ಈ ಪರೀಕ್ಷೆಯಲ್ಲಿ ನಪಾಸಾದರೆ ಹೊಳೆಯಾಚೆಯ ಗುಡಿಸಲು. ಏನು ಮಾಡಿದೆ ಗೊತ್ತೇ? ಮೋಸ ಮಾಡಿದೆ.

ಬಲಗಾಲಿನ ಮೇಲೆ ಅವರ ಸೂಜಿ ತಿಳಿಯುತ್ತಿತ್ತು. ಒಂದು, ಎರಡು, ಬಿಡುವು. ಒಂದು, ಎರಡು, ಬಿಡುವು. ಮನುಷ್ಯನ ಕೈಗೆ ತನಗೇ ಗೊತ್ತಿಲ್ಲದ ಒಂದು ತಾಳವಿರುತ್ತದೆ. ನಾನು ಆ ತಾಳ ಹಿಡಿದುಕೊಂಡೆ. ಸೂಜಿ ಎಡಗಾಲಿಗೆ ಬಂದಾಗ ಏನೂ ತಿಳಿಯದಿದ್ದರೂ ಲೆಕ್ಕ ತಪ್ಪದೆ 'ಹೂಂ, ಹೂಂ' ಎಂದೆ. ಒಂದು ಪೆಟ್ಟೂ ಬಿಡಲಿಲ್ಲ. ಗೆದ್ದೆ ಎಂದುಕೊಂಡೆ. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು.

"ಮಾಸ್ತರೇ," ಎಂದರು ಡಾಕ್ಟರು. ಅವರ ದನಿ ಕೋಣೆಯ ಆಚೆ ತುದಿಯಿಂದ ಬಂತು. "ನಾನು ಸೂಜಿ ಕೆಳಗಿಟ್ಟು ಕೈ ತೊಳೀತಾ ಇದ್ದೇನೆ. ನೀವು ಯಾರಿಗೆ ಹೂಂ ಅಂತಿದ್ದೀರಿ?"

ಕಣ್ಣು ಬಿಟ್ಟೆ. ಅತ್ತುಬಿಟ್ಟೆ. ಅವರು ಬಯ್ಯಲಿಲ್ಲ. ಒಂದು ಕುರ್ಚಿ ಎಳೆದು ನನ್ನ ಎದುರೇ ಕುಳಿತು, ಹೂಂಗುಟ್ಟಿದ್ದು ತಾಳಕ್ಕೆ ಸರಿಯಾಗಿತ್ತು, ನೀವು ಕುಣಿಯುವವರೋ ಎಂದು ಕೇಳಿದರು. ಹೌದೆಂದೆ. ಆಮೇಲೆ ನನ್ನ ಕಿವಿಯ ಹಿಂದೆ ಬೆರಳಿಟ್ಟು ನೋಡಿದರು. ಅಲ್ಲೂ ಒಂದು ಬಿಳಿಚಿದ ಮಚ್ಚೆ, ಅಲ್ಲೂ ನನಗೆ ಅರಿವಿಲ್ಲ. ಕಾಲಿನ ಅರಿವು ತಿರುಗಿ ಬರುವುದು ಕಷ್ಟ, ಕಿವಿಯದು ಹೇಳಲಾಗದು ಎಂದರು. ನಾನು ಒಂದೇ ಮಾತು ಕೇಳಿದೆ.

"ಇನ್ನು ಕುಣೀಬಹುದಾ?"

"ವಾರ ವಾರ ಸೂಜಿ ತಗೊಳ್ಳಿ. ಮೊದಲು ರೋಗ ನಿಲ್ಲಲಿ. ಬರಿಗಾಲಲ್ಲಿ ಮಾತ್ರ ಇನ್ನು ಒಂದು ಹೆಜ್ಜೆಯೂ ಇಡಬಾರದು. ಮನೆಯೊಳಗೂ."

ಬರಿಗಾಲಿಲ್ಲದ ಸುಗ್ಗಿ ಇಲ್ಲ. ಹಾಗಾದರೆ ಬೇಡವೆಂದು ಅವರು ಸುತ್ತುಬಳಸಿ ಹೇಳಿದರು ಎಂದೇ ತಿಳಿದೆ.

ಔಷಧಿ ಗರುಡಫಲದ ಎಣ್ಣೆ. ಅಗಸೂರಿನ ಶಾಲೆಯ ಹಿಂದಿನ ಹಳ್ಳದ ದಂಡೆಯಲ್ಲಿ ಆ ಮರ ಇತ್ತು. ಮಕ್ಕಳು ಅದರ ಕಾಯಿ ಮುಟ್ಟಿದರೆ ನಾನು ಬೆತ್ತ ಎತ್ತುತ್ತಿದ್ದೆ, ಮೀನು ಸಾಯಿಸುವ ವಿಷವೆಂದು. ಈಗ ಅದೇ ಕಾಯಿಯ ಎಣ್ಣೆಯನ್ನು ದಪ್ಪ ಸೂಜಿಯಲ್ಲಿ ನನ್ನ ಮೈಗೆ ಏರಿಸುತ್ತಿದ್ದರು. ಚುಚ್ಚಿದ ಜಾಗ ಎರಡು ದಿನ ಗಡ್ಡೆಗಟ್ಟಿ ಜ್ವರ ಬರುತ್ತಿತ್ತು. ಬರಲಿ, ನೋವಾದರೂ ತಿಳಿಯುತ್ತದಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಊರವರಿಗೆ ಏನು ಹೇಳುವುದು? ಕರನಿರಾಕರಣೆಯಲ್ಲಿ ಜಮೀನು ಕಳಕೊಂಡವರು ಕಾರವಾರದ ಕಚೇರಿಗೆ ಅಲೆಯುತ್ತಿದ್ದ ದಿನಗಳು. ನನ್ನದೂ ಒಂದು ಜಮೀನಿನ ತಕರಾರು ಎಂದುಬಿಟ್ಟೆ. ಜನ ಪ್ರೀತಿಯಿಂದ ವಿಚಾರಿಸತೊಡಗಿದರು, ನಾನು ಇಲ್ಲದ ಎದುರಾಳಿಯೊಬ್ಬನನ್ನು ಹುಟ್ಟಿಸಿ ದಾರಿಯಲ್ಲಿ ನಿಂತು ಅವನನ್ನು ಬಯ್ಯಬೇಕಾಯಿತು. ಮನೆಗೆ ಬಂದರೆ ಹೆದರಿಕೆ ಶುರು. ಬೆಳಗಾಗುತ್ತಲೇ ಕಿಟಕಿಯಲ್ಲಿ ಬಚ್ಚಿಟ್ಟ ಕಾರೆಮುಳ್ಳು ತೆಗೆದು ಕೈಬೆರಳು, ಮೂಗು, ಬಲಗಾಲು ಎಲ್ಲ ಚುಚ್ಚಿಕೊಂಡು ನೋಡುತ್ತಿದ್ದೆ, ಇವತ್ತು ಎಷ್ಟು ಹೋಯಿತು ಎಂದು. ಅವರ್ಸೆಯಲ್ಲಿದ್ದ ಮಗಳಿಗೆ ಬರಬೇಡವೆಂದು ಕಾಗದ ಬರೆದೆ. ಅವಳ ಮಗಳು, ನನ್ನ ಮೊಮ್ಮಗಳು, ನನ್ನ ಎರಡು ಪಾದಗಳ ಮೇಲೆ ತನ್ನ ಪಾದವಿಟ್ಟು ಹೆಜ್ಜೆ ಕಲಿಯುತ್ತಿದ್ದಳು. ಮಗು ನಿಂತದ್ದು ಈ ಕಾಲಿನ ಮೇಲೆ.

ಒಂದು ದಿನ ಹಿತ್ತಾಳೆಯ ಬಟ್ಟಲು ತೆಗೆದುಕೊಂಡು ಹೊರಜಗಲಿಗೆ ಊಟಕ್ಕೆ ಕುಳಿತೆ. ನಾಗಿ ಬಂದು ನೋಡಿದಳು.

"ಯಾರು ಹೇಳದ್ರು ಇಲ್ಲಿ ಕೂರೂಕೆ?"

"ನಾನೇ ಬಂದೆ. ನಿಂಗೆ ಹತ್ತೂದು ಬೇಡ."

"ಬಟ್ಟೆ ಕುದ್ಸಿ ಅಂದ್ರು ಡಾಕ್ಟ್ರು, ಕುದಸ್ತೆ. ಚಾಪೆ ಬ್ಯಾರೆ ಹಾಸಿ ಅಂದ್ರು, ಹಾಸ್ತೆ. ಜಗಲಿ ಮೇಲೆ ಉಣ್ಸಿ ಅಂತ ಹೇಳ್ಲಿಲ್ಲ. ಅನ್ನ ಕಲ್ಲಿನ ಮೇಲಿಟ್ಟು ಕೂ ಹಾಕೂಕೆ ನಂಗೆ ಬರೂದಿಲ್ಲ. ಏಳಿ."

ಎದ್ದೆ. ಮರುದಿನ ಕಿಟಕಿಯಲ್ಲಿ ಕಾರೆಮುಳ್ಳೂ ಇರಲಿಲ್ಲ. ಕೇಳಿದ್ದಕ್ಕೆ ಒಲೆಗೆ ಹಾಕಿದೆ ಎಂದಳು.

ಹೋಳಿ ಬಂತು. ಕೋರ್ಟಿನ ಕೆಲಸವಿದೆ, ಈ ವರ್ಷ ಕುಣಿಯಲಾರೆ ಎಂದು ಹೇಳಿಕಳಿಸಿದೆ. ಹೊನ್ನ ಗೌಡ ತಾನೇ ಬಂದ. ಜಗಲಿಯಲ್ಲಿ ಕುಳಿತು ನಕ್ಕ. "ದೇವ್ರು ನಿಂತ ಕಾಲು ಮನೇಲಿ ಕೂತ್ರೆ ಹ್ಯಾಂಗೋ ಮಾಸ್ತರಾ?" ನಾನು ಮತ್ತೆ ಆ ಎದುರಾಳಿಯ ಕಥೆ ತೆಗೆಯುವಷ್ಟರಲ್ಲಿ ನಾಗಿ ಬೆಲ್ಲ, ನೀರು ತಂದಿಟ್ಟು ಹೇಳಿಯೇಬಿಟ್ಟಳು.

"ಕೋರ್ಟೂ ಇಲ್ಲ, ಎಂತದೂ ಇಲ್ಲ ಗೌಡ್ರೇ. ಇವ್ರಿಗೆ ದೊಡ್ಡ ರೋಗ. ಮದ್ದು ನಡದದೆ."

ಹೊನ್ನ ಗೌಡ ನನ್ನ ಕಾಲು ನೋಡಿದ. ತನ್ನ ಕೈ ನೋಡಿಕೊಂಡ. ಆ ಬೆಳಿಗ್ಗೆ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಕೈ ಅದು. ಎದ್ದು ಹೋದ. ನೀರು ಹಾಗೇ ಉಳಿಯಿತು. ನಾನು ನಾಗಿಯ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವಳು ಆ ನೀರನ್ನು ತುಳಸಿಗೆ ಹೊಯ್ದು ಒಳಗೆ ಹೋದಳು. ಆ ವಾರ ಗುಮಟೆಯ ಸದ್ದು ಪ್ರತಿ ಮನೆಯ ಅಂಗಳದಿಂದ ಕೇಳಿತು, ನಮ್ಮ ಅಂಗಳದ ಹೊರತು. ನನ್ನ ಎಡಗಾಲು ಚಾಪೆಯ ಮೇಲೆ ತಾನಾಗಿ ಎದ್ದು ಬೀಳುತ್ತಿತ್ತು. ಬಿದ್ದದ್ದು ನನಗೆ ತಿಳಿಯುತ್ತಿರಲಿಲ್ಲ, ನೋಡಿದರೆ ಕಾಣುತ್ತಿತ್ತು.

ಊರವರು ನಮ್ಮ ಮನೆಯ ಕಡೆ ಬರುವುದನ್ನು ಬಿಟ್ಟರು. ಹೊಳೆಯಾಚೆಗೆ ಹೋಗು ಎಂದು ಯಾರೂ ಹೇಳಲಿಲ್ಲ, ಆದರೆ ನಾಯಿ ಬೊಗಳಿದರೆ ಸಾಕು, ಹೇಳಲು ಬಂದರು ಎಂದು ಎದೆ ಹಾರುತ್ತಿತ್ತು. ಎರಡು ವರ್ಷ ಹಾಗೇ ಬದುಕಿದೆ. ವಾರಕ್ಕೊಮ್ಮೆ ಕಾರವಾರ, ಆ ಬೆಂಚು, ಸಾವಿತ್ರಿಯ ಮಾತು. ಕಾಳಿಯ ಅಳಿವೆಯಲ್ಲಿ ಎಷ್ಟು ಮೀನು ಬಂತು, ಯಾರು ಯಾರೊಂದಿಗೆ ಜಗಳವಾಡಿದರು ಎಂದು ಅವಳು ಹೇಳುತ್ತಿದ್ದಳು. ರೋಗದ ಮಾತು ಎತ್ತುತ್ತಿರಲಿಲ್ಲ. ಒಮ್ಮೆ ಅವಳ ಜಾಗ ಖಾಲಿ ಇತ್ತು. ಮುಂದಿನ ವಾರವೂ ಖಾಲಿ. ಜವಾನನನ್ನು ಕೇಳಿದೆ, ಅವನಿಗೆ ಗೊತ್ತಿರಲಿಲ್ಲ. ದೇವಬಾಗಕ್ಕೆ ಹೋಗಿ ವಿಚಾರಿಸಲು ನನಗೆ ಧೈರ್ಯ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಮೂರನೆಯ ವರ್ಷ, ಹೋಳಿಗೆ ಸ್ವಲ್ಪ ಮೊದಲು, ಡಾಕ್ಟರು ಮೈಯೆಲ್ಲ ಪರೀಕ್ಷಿಸಿ ರೋಗ ನಿಂತಿದೆ ಎಂದರು. ನಿಮ್ಮಿಂದ ಇನ್ನು ಯಾರಿಗೂ ಹತ್ತುವುದಿಲ್ಲ ಎಂದು ಕಾಗದವನ್ನೂ ಬರೆದುಕೊಟ್ಟರು. ನಾನು ಆ ಕಾಗದ ಹಿಡಿದು ಮೋಟಾರಿನಲ್ಲಿ ಬರುವಾಗ ಖುಷಿಗಿಂತ ಹೆಚ್ಚು ಹೆದರಿದ್ದೆ. ಇಷ್ಟು ದಿನ ಕುಣಿಯಬೇಡವೆಂದದ್ದು ರೋಗ. ಇನ್ನು ಮೇಲೆ ಬೇಡವೆಂದರೆ ಅದು ಜನ.

ನಾಗಿ ಹಳೆಯ ಕೌದಿಯ ಬಟ್ಟೆಯನ್ನು ನಾಲ್ಕು ಪದರ ಹೊಲಿದು, ಅಡಿಗೆ ತೊಗಲು ಕೊಟ್ಟು, ಪಾದಕ್ಕೆ ಕಟ್ಟುವ ಹಾಗೆ ಎರಡು ಮೆಟ್ಟು ಮಾಡಿದಳು. ಹೊನ್ನ ಗೌಡನ ಅಂಗಳದಲ್ಲಿ ತಂಡ ವೇಷ ಕಟ್ಟುವ ಬೆಳಿಗ್ಗೆ ಅದನ್ನು ಕಟ್ಟಿಕೊಂಡು ಹೋದೆ. ನಾಗಿ ಬೇಲಿಬಾಗಿಲಿನ ದಣಪೆಯ ಹತ್ತಿರವೇ ನಿಂತಳು. ತುರಾಯಿಗಳು ಸಾಲಾಗಿ ಹಗ್ಗಕ್ಕೆ ತೂಗುತ್ತಿದ್ದವು, ನೆಲಕ್ಕೆ ತಾಗಬಾರದು ಎಂದು. ನಾನು ಕಾಗದ ಚಾಚಿದೆ.

"ನಂಗೆ ಓದೂಕೆ ಬರೂದಿಲ್ಲ," ಎಂದ ಹೊನ್ನ ಗೌಡ. "ನೀನೇ ಓದ್ಬೇಕು, ನಾ ನಂಬ್ಬೇಕು." ಆಮೇಲೆ ನನ್ನ ಕಾಲು ನೋಡಿದ. "ಕಾಲಿಗೆ ಮೆಟ್ಕಂಡು ಸುಗ್ಗಿ ಆಡಿದವ್ರು ನಮ್ಮಲ್ಲಿ ಯಾರೂ ಇಲ್ಲ ಮಾಸ್ತರಾ."

ಹೌದು ಎಂದು ತಿರುಗಿದೆ. ಕಾಲು ತೊಡರಿತು. ಆಗ ದಣಪೆಯಿಂದ ನಾಗಿಯ ದನಿ ಬಂತು. ಜೋರಾಗಿಯೇನಲ್ಲ.

"ಗೌಡ್ರೇ, ಇವ್ರ ಕಾಲಲ್ಲಿ ದೇವ್ರು ನಿಂತಾನೆ ಅಂದವ್ರು ನೀವು. ನಿಂತದ್ದು ಹೌದಾದ್ರೆ ಆ ದೇವ್ರಿಗೆ ಒಂದು ಪಾದುಕೆ ಬ್ಯಾಡ್ವಾ? ನಿಂತದ್ದು ಸುಳ್ಳಾದ್ರೆ, ಆ ಸುಳ್ಳು ನಂಬಿ ಇವ್ರು ಮಳೆಗಾಲದವರೆಗೆ ಮದ್ದಿಲ್ದೆ ಕೂತ್ರು. ಅದು ಯಾರ ತಲೆಗೆ?"

ಹೊನ್ನ ಗೌಡ ಎರಡು ಕೈಯನ್ನೂ ಪಂಚೆಗೆ ಒರೆಸಿಕೊಂಡ. ಆಮೇಲೆ ಹಗ್ಗದಿಂದ ಒಂದು ತುರಾಯಿ ಬಿಚ್ಚಿ ತಂದು, "ಕೂತ್ಕ," ಎಂದ.

ಕುಳಿತೆ. ಅವನಿಗೂ ನನ್ನಷ್ಟೇ ಹೆದರಿಕೆ, ಆದರೂ ಮುಟ್ಟಿದ. ಮೂರು ವರ್ಷದಲ್ಲಿ ನನ್ನ ತಲೆಯನ್ನು ಮುಟ್ಟಿದವರು ನಾಗಿ, ಡಾಕ್ಟರು, ಇವನು. ತುರಾಯಿ ಇಟ್ಟು, ಹುರಿಯನ್ನು ಗದ್ದದ ಕೆಳಗಿಂದ ತಂದು, ಕಿವಿಯ ಹಿಂದೆ ಬಿಗಿದು ಎಳೆದ.

"ನೋಯ್ತದೆ ಮಾರಾಯಾ," ಎಂದೆ.

ಅವನ ಕೈ ನಿಂತಿತು. ಹೇಳಿದ ಮೇಲೆ ನಾನೇ ಬೆಚ್ಚಿದೆ. ಡಾಕ್ಟರ ಬೆರಳು ತಿಳಿಯದೆ ಹೋಗಿದ್ದ ಜಾಗ ಅದು. ಈ ಸಲ ನಾನು ಯಾವ ತಾಳವನ್ನೂ ಎಣಿಸಿರಲಿಲ್ಲ.

ದಣಪೆಯಿಂದ ನಾಗಿ ಕೇಳಿದಳು, "ಎಂತ ಅಂದ್ರಿ?"

"ಕಿವಿ ಹಿಂದೆ. ಹುರಿ ಒತ್ತಿ ನೋಯ್ತದೆ ಅಂದೆ."

ಅವಳು ಅಲ್ಲೇ ದಣಪೆಯ ಬುಡದಲ್ಲಿ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನೋಯ್ಲಿ ಬಿಡು," ಎಂದ ಹೊನ್ನ ಗೌಡ, "ಸಡ್ಲ ಕಟ್ಟಿದ್ರೆ ಮೂರ್ನೇ ಸುತ್ತಿಗೆ ಬೀಳ್ತದೆ." ಹುರಿಯನ್ನು ಇನ್ನೊಂದು ಸಲ ಬಿಗಿಯಾಗಿ ಎಳೆದು ಗಂಟು ಹಾಕಿದ.